ವರ್ಡ್ ಫಾರ್ಮ್‌ನಲ್ಲಿ ಮೊತ್ತ ತಪ್ಪು ಬರುತ್ತಿದೆ, ಮ್ಯಾಕ್ರೊದಲ್ಲಿ ಎಲ್ಲಿ ಸರಿ ಮಾಡಬೇಕು?

ಪ್ರಶ್ನೆ: ವರ್ಡ್‌ನ ಲೆಗಸಿ ಟೆಕ್ಸ್ಟ್ ಫೀಲ್ಡ್‌ಗಳಲ್ಲಿ (ಹಳೆಯ ಮಾದರಿಯ, ತುಂಬುವ ಜಾಗಗಳು) ಕೊಟೇಶನ್ ಫಾರ್ಮ್ ಮಾಡಿದ್ದೇನೆ. ಪ್ರಮಾಣ 4, ದರ 1,250 ಹಾಕಿದರೆ ಮೊತ್ತ 5,000 ಬರಬೇಕು, ಆದರೆ 4 ಬರುತ್ತಿದೆ. ಲೆಕ್ಕ ಮಾಡುವ ಮ್ಯಾಕ್ರೊದಲ್ಲಿ (ವರ್ಡ್ ಒಳಗೆ ಓಡುವ ಚಿಕ್ಕ ಪ್ರೋಗ್ರಾಂ) ಪಠ್ಯವನ್ನು ಸಂಖ್ಯೆ ಮಾಡುವ ವ್ಯಾಲ್ (Val) ಫಂಕ್ಷನ್ ಬಳಸಿದ್ದೆ. ಅದನ್ನು ತೆಗೆದು ಅದೇ ಕೆಲಸದ ಸಿಡಬಲ್ (CDbl) ಹಾಕಿದರೆ, ದರ ಖಾಲಿ ಇದ್ದಾಗ ಎರರ್ 13, ‘ಟೈಪ್ ಮಿಸ್‌ಮ್ಯಾಚ್’. ಏನು ಮಾಡಲಿ ಸರ್?

ಉತ್ತರ: ವ್ಯಾಲ್ ಅಲ್ಪವಿರಾಮ ಕಂಡ ಕೂಡಲೇ ಓದುವುದನ್ನು ನಿಲ್ಲಿಸುತ್ತದೆ. ಅದಕ್ಕೆ 1,250 ಅಂದರೆ ಬರೀ 1. ನಾಲ್ಕು ಒಂದಲ ನಾಲ್ಕು, ಅದೇ ನಿಮಗೆ ಕಾಣುತ್ತಿರುವುದು. ದರದ ಮುಂದೆ ₹ ಇದ್ದರೆ 0 ಆಗುತ್ತದೆ. ಸಿಡಬಲ್‌ಗೆ ಅಲ್ಪವಿರಾಮ ಅರ್ಥವಾಗುತ್ತದೆ, ಆದರೆ ಖಾಲಿ ಫೀಲ್ಡ್‌ನಲ್ಲಿ ಅದಕ್ಕೆ ಓದಲು ಯಾವ ಅಂಕಿಯೂ ಸಿಗುವುದಿಲ್ಲ. ಸಿಡಬಲ್ ಎಡವುವುದು ಅಲ್ಲೇ.

ಫೀಲ್ಡನ್ನು ನೇರವಾಗಿ ಓದಬೇಡಿ. ‘Sankhye’ ಅಂತ ಒಂದು ಚಿಕ್ಕ ಫಂಕ್ಷನ್ ಬರೆದು, ರಿಸಲ್ಟ್ (ಫೀಲ್ಡ್‌ನಲ್ಲಿ ತುಂಬಿದ) ಪಠ್ಯದಿಂದ ಅಲ್ಪವಿರಾಮ, ₹ ಎರಡನ್ನೂ ರಿಪ್ಲೇಸ್‌ನಿಂದ ತೆಗೆದು, ಆಮೇಲೆ ವ್ಯಾಲ್‌ಗೆ ಕೊಡಿ. ಖಾಲಿ ಇದ್ದರೆ ತಾನಾಗಿ 0 ಬರುತ್ತದೆ. ಕನ್ನಡ ಅಂಕಿಗಳಲ್ಲಿ ತುಂಬುವವರಿದ್ದರೆ ಇನ್ನೊಂದು ಹೆಜ್ಜೆ ಬೇಕು, ಏಕೆಂದರೆ ‘೧೨೫೦’ ವ್ಯಾಲ್‌ಗೆ ಸೊನ್ನೆ. ಯೂನಿಕೋಡ್‌ನಲ್ಲಿ (ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪಟ್ಟಿ) ೦ ಇರುವುದು 3302ರಲ್ಲಿ, ೯ ಇರುವುದು 3311ರಲ್ಲಿ. 0ಯಿಂದ 9ರವರೆಗೆ ಒಂದು ಲೂಪ್ ಹಾಕಿ (ಅದೇ ಕೆಲಸ ಹತ್ತು ಸಲ ಮಾಡಿಸಿ) ಆ ಹತ್ತು ಕನ್ನಡ ಅಂಕಿಗಳನ್ನೂ 0-9ಕ್ಕೆ ಬದಲಿಸಿ, ಆಮೇಲೆ ವ್ಯಾಲ್‌ಗೆ ಕೊಡಿ.

ಮೊತ್ತದ ಫೀಲ್ಡ್ ಈಗ ‘ಕ್ಯಾಲ್ಕ್ಯುಲೇಶನ್’ ವಿಧದಲ್ಲಿದ್ದರೆ ‘ನಂಬರ್’ಗೆ ಬದಲಿಸಿ, ಇಲ್ಲದಿದ್ದರೆ ವರ್ಡ್‌ನ ಸೂತ್ರ ನಿಮ್ಮ ಲೆಕ್ಕದ ಮೇಲೆ ಮತ್ತೆ ಬರೆಯುತ್ತದೆ. ಫಾರ್ಮ್ ಲಾಕ್ ಇದ್ದರೂ ರಿಸಲ್ಟ್ ಬರೆಯಬಹುದು. ಬೇರೆ ಕಾರಣಕ್ಕೆ ಅನ್‌ಪ್ರೊಟೆಕ್ಟ್ ಮಾಡಿದ್ದರೆ, ಮತ್ತೆ ಪ್ರೊಟೆಕ್ಟ್ ಮಾಡುವಾಗ ‘ನೋರೀಸೆಟ್’ (NoReset) ಆಯ್ಕೆಯನ್ನು ಟ್ರೂ ಮಾಡಲೇಬೇಕು. ಮರೆತರೆ ತುಂಬಿದ್ದೆಲ್ಲ ಅಳಿಸಿಹೋಗುತ್ತದೆ.

ಪ್ರಶ್ನೆ: ಮೊತ್ತ ಸರಿಯಾಯಿತು, ಧನ್ಯವಾದ. ಆದರೆ 125 ರೂಪಾಯಿಗೆ 18% ತೆರಿಗೆ 22.50. ರೌಂಡ್ ಮಾಡಿದರೆ 22 ಅನ್ನುತ್ತದೆ, ಅಕೌಂಟ್ಸ್‌ನವರು 23 ಅನ್ನುತ್ತಾರೆ. ಎರಡನೇ ಸಾಲನ್ನು ಕಾಪಿ ಮಾಡಿ ಮೂರನೆಯದು ಮಾಡಿದ್ದಕ್ಕೆ ಎರರ್ 5941 ಬೇರೆ.

ಉತ್ತರ: ಮ್ಯಾಕ್ರೊದ ರೌಂಡ್ ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ: 22.5 ಆದರೆ 22, 23.5 ಆದರೆ 24. ಬಿಲ್‌ಗೆ ಇದು ಒಗ್ಗುವುದಿಲ್ಲ. ಫಾರ್ಮ್ಯಾಟ್ ಫಂಕ್ಷನ್‌ಗೆ ‘0’ ಮಾದರಿ ಕೊಡಿ, 23 ಬರುತ್ತದೆ. ಪ್ರತಿ ಸಾಲನ್ನೂ ರೌಂಡ್ ಮಾಡಿ ಕೂಡುವುದೋ, ಕೂಡಿದ ಮೇಲೆ ಒಮ್ಮೆ ಮಾಡುವುದೋ ಅಕೌಂಟ್ಸ್‌ನವರನ್ನು ಮೊದಲೇ ಕೇಳಿಕೊಳ್ಳಿ, ಎರಡರ ಮೊತ್ತವೂ ಒಂದೇ ಇರಬೇಕೆಂದಿಲ್ಲ.

5941 ಅಂದರೆ ಮ್ಯಾಕ್ರೊ ಹುಡುಕುವ ಹೆಸರಿನ ಫೀಲ್ಡೇ ಇಲ್ಲ. ಕಾಪಿ ಮಾಡಿದ ಫೀಲ್ಡ್‌ಗೆ ಬುಕ್‌ಮಾರ್ಕ್ ಹೆಸರು (ಮ್ಯಾಕ್ರೊ ಫೀಲ್ಡನ್ನು ಗುರುತಿಸುವ ಹೆಸರು) ಬರುವುದಿಲ್ಲ. ಅನ್‌ಲಾಕ್ ಮಾಡಿ, ಫೀಲ್ಡ್ ಮೇಲೆ ಡಬಲ್ ಕ್ಲಿಕ್ ಮಾಡಿ, ‘Dara3’ ಅಂತ ಕೈಯಿಂದ ಹಾಕಿ. ‘ರನ್ ಮ್ಯಾಕ್ರೊ ಆನ್ ಎಕ್ಸಿಟ್’ನಲ್ಲಿ (ಫೀಲ್ಡ್ ಬಿಟ್ಟಾಗ ಓಡುವ ಮ್ಯಾಕ್ರೊ) ನಿಮ್ಮ ಲೆಕ್ಕದ ಮ್ಯಾಕ್ರೊ ಇದೆಯೇ ಅಂತಲೂ ಅಲ್ಲೇ ನೋಡಿ.

ಪ್ರಶ್ನೆ: ಕೊನೆಯ ದರ ಹಾಕಿ ಹಾಗೇ ಸೇವ್ ಮಾಡಿದವರ ಫೈಲಲ್ಲಿ ಹಳೆಯ ಮೊತ್ತವೇ ಉಳಿದಿದೆ.

ಉತ್ತರ: ಕರ್ಸರ್ ಆ ಫೀಲ್ಡ್ ಬಿಟ್ಟು ಹೊರಗೆ ಬರದೆ ಎಕ್ಸಿಟ್ ಮ್ಯಾಕ್ರೊ ಓಡುವುದಿಲ್ಲ. ‘ಫೈಲ್‌ಸೇವ್’ (FileSave) ಹೆಸರಿನಲ್ಲೇ ಒಂದು ಮ್ಯಾಕ್ರೊ ಬರೆಯಿರಿ. ವರ್ಡ್ ತನ್ನ ಸೇವ್ ಬದಲು ಅದನ್ನೇ ಓಡಿಸುತ್ತದೆ. ಅದರೊಳಗೆ ಮೊದಲು ಲೆಕ್ಕದ ಮ್ಯಾಕ್ರೊ ಕರೆಯಿರಿ, ನಂತರ ಸೇವ್. ಕಡತ ಡಾಟ್ ಡಾಕ್‌ಎಂ (.docm) ಆಗಿರಲಿ, ಡಾಕ್‌ಎಕ್ಸ್‌ನಲ್ಲಿ (.docx) ಮ್ಯಾಕ್ರೊ ಉಳಿಯುವುದಿಲ್ಲ.