ಪದಚರ್ಚೆ: ಎಣಿಸದೇನೇ "ಮೂರು" ಅಂದುಬಿಡೋದಕ್ಕೆ ಏನಂತೀರಾ?

ಎಲ್ಲರಿಗೂ ನಮಸ್ಕಾರ. ಅಂಗನವಾಡಿ, ಎಲ್‌ಕೆಜಿ ಮಕ್ಕಳಿಗೆ ಲೆಕ್ಕದ ಆಟ ಆಡಿಸೋರಿಗೆ ಅಂತ ಒಂದು ಸಣ್ಣ ಕೈಪಿಡಿ ಬರೀತಿದೀನಿ, ಒಂದು ಪದದ ಹತ್ರ ಬಂದು ನಿಂತುಬಿಟ್ಟಿದೆ. ಇಂಗ್ಲಿಷಲ್ಲಿ ಸಬಿಟೈಸಿಂಗ್ ಅಂತಾರಲ್ಲ, ಅದು. ತಟ್ಟೇಲಿ ಮೂರು ಹುಣಸೆಬೀಜ ಹಾಕಿ ಮಗು ಮುಂದೆ ಇಟ್ರೆ ಬೆರಳು ಇಡದೇನೇ "ಮೂರು" ಅನ್ನತ್ತೆ. ಅದೇ ಏಳು ಬೀಜ ಚೆಲ್ಲಾಪಿಲ್ಲಿಯಾಗಿ ಹಾಕಿದ್ರೆ ಒಂದೊಂದನ್ನೇ ಮುಟ್ಕೊಂಡು ಹೋಗತ್ತೆ, ಮಧ್ಯೆ ಒಂದನ್ನ ಎರಡು ಸಲ ಮುಟ್ಟಿ "ಎಂಟು" ಅಂದು ನಮ್ಮ ಮುಖ ನೋಡತ್ತೆ. ಮೊದಲನೇದು ಸಬಿಟೈಸಿಂಗ್, ಎರಡನೇದು ಎಣಿಕೆ. ದೊಡ್ಡವರಿಗೂ ನಾಲ್ಕರ ತನಕ ಸಲೀಸು, ಅದು ದಾಟಿದ್ರೆ ಎಣಿಸ್ಬೇಕು ಇಲ್ಲಾ ಮನಸ್ಸಲ್ಲೇ ಗುಂಪು ಮಾಡ್ಕೋಬೇಕು. ಆ ಏಳನ್ನೇ ನಾಲ್ಕು ಒಂದ್ ಕಡೆ, ಮೂರು ಒಂದ್ ಕಡೆ ಜೋಡಿಸಿಟ್ಟು ನೋಡಿ, ಕೂಡೋ ಲೆಕ್ಕಕ್ಕೆ ದಾರಿ ಅಲ್ಲೇ ಸಿಗತ್ತೆ.

ಇಂಗ್ಲಿಷಿನ ಪದವೂ ಏನ್ ತೀರಾ ಹಳೇದಲ್ಲ, 1949ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಲ್ಯಾಟಿನ್ನಿನ "ತಟ್ಟನೆ" ಅನ್ನೋ ಅರ್ಥದ ಪದದಿಂದ ಕಟ್ಕೊಂಡಿದ್ದು. ಹಾಗಾಗಿ ನಾವೂ ಕಟ್ಕೋಬಹುದು, ಆದ್ರೆ ಯಾವ್ದು?

"ಕಣ್ಣಳತೆ" ಅಂತ ಒಬ್ರು ಗೆಳೆಯರು ಹೇಳಿದ್ರು. ಕಿವಿಗೆ ಚೆನ್ನಾಗಿದೆ, ಆದ್ರೆ ಸಾರಿಗೆ ಉಪ್ಪು ಹಾಕೋದು ಕಣ್ಣಳತೇಲಿ, ಅಲ್ಲಿ ಒಂಚೂರು ಹೆಚ್ಚುಕಮ್ಮಿ ಆದ್ರೂ ನಡೆಯತ್ತೆ. ಇಲ್ಲಿ ಮೂರು ಅಂದ್ರೆ ಖಚಿತವಾಗಿ ಮೂರೇ. "ಅಂದಾಜು" ಅದೇ ಕಾರಣಕ್ಕೆ ಬೇಡ. "ತತ್‌ಕ್ಷಣ ಸಂಖ್ಯಾಗ್ರಹಣ" ಅಂತ ಬರೆದ್ರೆ ಅಂಗನವಾಡಿ ಟೀಚರ್ ಪುಸ್ತಕ ಮುಚ್ಚಿಡ್ತಾರೆ, ನಾನಾದ್ರೂ ಅದನ್ನೇ ಮಾಡ್ತೀನಿ. ನನಗೆ ಸದ್ಯಕ್ಕೆ ಹಿಡಿಸಿರೋದು "ಕಣ್ಣೆಣಿಕೆ", ಆದ್ರೆ ಎಣಿಸೋದೇ ಇಲ್ಲ ಅನ್ನೋ ಕಡೆ ಎಣಿಕೆ ಅನ್ನೋ ಪದ ಕೂತ್ಕೊಳ್ಳತ್ತಲ್ಲ ಅಂತ ಕಸಿವಿಸಿ, ಮೇಲಾಗಿ ಕ್ರಿಯಾಪದ ಬೇಕಾದಾಗ ಏನ್ ಮಾಡೋದು? "ಮಗು ಕಣ್ಣೆಣಿಸಿತು" ಅಂತ ಬರೆಯಕ್ಕೆ ಕೈ ಬರ್ತಿಲ್ಲ. ಕರಾವಳಿ ಕಡೆಯವರಿಗೆ "ಎಣಿಸಿದೆ" ಅಂದ್ರೆ "ಅಂದುಕೊಂಡೆ" ಅಂತಾನೂ ಆಗತ್ತೆ, ಅವರು ಇದನ್ನ ಹೇಗೆ ಓದ್ತಾರೋ ಅವರೇ ಹೇಳ್ಬೇಕು.

ಈ ಕೆಲಸ ನಮ್ಮಲ್ಲಿ ಹೊಸದಲ್ಲ. ಚೌಕಾಬಾರದಲ್ಲಿ ನಾಲ್ಕು ಕವಡೆ ಬಿಟ್ಟ ಮೇಲೆ ಯಾರಾದ್ರೂ ಎಣಿಸ್ತಾರಾ? ಕವಡೆ ನಿಲ್ಲೋಷ್ಟರಲ್ಲಿ "ಎರಡು" ಅಂದು ಕಾಯಿ ನಡೆಸಿ ಆಗಿರತ್ತೆ, ನಾಲ್ಕೂ ಅಂಗಾತ ಬಿದ್ರೆ "ಚೌಕ", ನಾಲ್ಕೂ ಬೋರಲು ಬಿದ್ರೆ "ಬಾರಾ". ಹಾಗೆ ಒಂದೇ ನೋಟಕ್ಕೆ ಗರ ಹೇಳೋದಕ್ಕೆ ನಿಮ್ಮೂರಿನ ಆಟಗಾರರ ಬಾಯಲ್ಲಿ ಒಂದು ಕ್ರಿಯಾಪದ ಇದ್ಯಾ? ಇದ್ರೆ ಯಾವ ಕಡೆಯದು ಅಂತಾನೂ ಸೇರಿಸಿ ಬರೀರಿ, ಕೈಪಿಡೀಲಿ ಅದನ್ನೇ ಹಾಕ್ತೀನಿ.