ಪದಚರ್ಚೆ: ಮೆಟ್ಟಿಲಿನ ಟ್ರೆಡ್‌ಗೂ ರೈಸರ್‌ಗೂ ಕನ್ನಡದಲ್ಲಿ ಏನೆನ್ನೋಣ?

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಮೆಟ್ಟಿಲುಗಳ ಫೋಟೋಗಳನ್ನು ಒಟ್ಟುಮಾಡಿ ಒಂದು ಪುಟ್ಟ ಪ್ರದರ್ಶನ ಇಡಲು ನಾವೊಂದಿಷ್ಟು ಜನ ಹೊರಟಿದ್ದೇವೆ. ಅಡಿಬರಹ ಕನ್ನಡದಲ್ಲೇ ಇರಲಿ ಎಂದು ಪಟ್ಟು ಹಿಡಿದವನು ನಾನಾದ್ದರಿಂದ ಬರೆಯುವ ಕೆಲಸವೂ ನನ್ನ ತಲೆಗೇ ಬಂತು. ಎರಡು ಪದಗಳ ಹತ್ತಿರ ಬಂದು ನಿಂತಿದ್ದೇನೆ. ಮೆಟ್ಟಿಲಿಗೆ ಎರಡು ಮೈ: ನಾವು ಕಾಲಿಡುವ ಅಡ್ಡ ಮೈ, ಮುಂದಿನ ಮೆಟ್ಟಿಲಿಗೆ ಎದ್ದು ನಿಲ್ಲುವ ನೆಟ್ಟನೆಯ ಮೈ. ಮೇಸ್ತ್ರಿಯಿಂದ ಹಿಡಿದು ಎಂಜಿನಿಯರ್‌ವರೆಗೆ ಎಲ್ಲರ ಬಾಯಲ್ಲೂ ಇವು ಟ್ರೆಡ್, ರೈಸರ್. ವಾಸದ ಮನೆಗೆ ಟ್ರೆಡ್ 250 ಮಿ.ಮೀ.ಗಿಂತ ಕಡಿಮೆ ಇರಬಾರದು, ರೈಸರ್ 190 ಮಿ.ಮೀ. ದಾಟಬಾರದು ಎನ್ನುತ್ತದೆ ರಾಷ್ಟ್ರೀಯ ಕಟ್ಟಡ ಸಂಹಿತೆ. ಮನೆ ಕಟ್ಟುವವರಿಗೆ ಆ ಪದಗಳೇ ಸಾಕು, ಅವರ ಮೇಲೆ ನನ್ನ ತಕರಾರೇನಿಲ್ಲ.

ಫೋಟೋ ತೆಗೆಯುವವರ ಪಾಡು ಬೇರೆ. ಮೆಟ್ಟಿಲಿನ ಚಿತ್ರ ನಿಲ್ಲುವುದೇ ಈ ಎರಡು ಮೈಗಳ ಮೇಲೆ ಬೀಳುವ ಬೆಳಕಿನ ಹೆಚ್ಚುಕಡಿಮೆಯಿಂದ. ಮಲ್ಲೇಶ್ವರದ ನಂದಿತೀರ್ಥದ ಕಲ್ಯಾಣಿಯನ್ನೋ ಹಲಸೂರು ಸೋಮೇಶ್ವರನ ಕಲ್ಯಾಣಿಯನ್ನೋ ನೆನಪಿಸಿಕೊಳ್ಳಿ. ಯಾವುದೇ ಕಲ್ಯಾಣಿಯ ಪಡುವಣ ದಂಡೆಯ ಮೆಟ್ಟಿಲುಗಳು ಮೂಡಣಕ್ಕೆ ಮುಖ ಮಾಡಿರುತ್ತವೆ. ಬೆಳಗಿನ ಇಳಿಬಿಸಿಲು ನೆಟ್ಟನೆಯ ಮೈಗೆ ಎದುರಾಗಿ ಬೀಳುತ್ತದೆ. ಅದು ಬೆಳ್ಳಗೆ, ಅಡ್ಡ ಮೈ ಮಂಕು. ನಡುಹಗಲಿಗೆ ಇದು ಪೂರಾ ತಿರುಗುಮುರುಗು. ನಡುವೆ ಒಂದು ಹೊತ್ತಿದೆ: ಎದುರಿನ ಸೂರ್ಯ 45 ಡಿಗ್ರಿ ಏರಿದಾಗ ಎರಡೂ ಮೈಗೆ ಬೆಳಕು ಸರಿಸಮ. ಮಾರ್ಚ್, ಸೆಪ್ಟೆಂಬರ್ ಕೊನೆಯಲ್ಲಿ ಬೆಂಗಳೂರಿಗೆ ಅದು ಸುಮಾರು ಒಂಬತ್ತೂವರೆಗೆ. ಒಂದೇ ಬಣ್ಣದ ಕಲ್ಲಾದರೆ ಆಗ ಅಂಚುಗಳು ಕರಗಿ, ಮೆಟ್ಟಿಲೆಲ್ಲ ಇಳಿಜಾರು ಬಂಡೆಯ ಹಾಗೆ ಕಾಣುತ್ತದೆ. ಫೋಟೋಗೆ ಅದಕ್ಕಿಂತ ಕೆಟ್ಟ ಗಳಿಗೆ ಇಲ್ಲ.

ಇನ್ನೂ ಸೋಜಿಗದ್ದು ನೀರು. ನೀರು ಅಲುಗದೆ ನಿಂತಾಗ ಈಚೆ ದಂಡೆಯಿಂದ ಆಚೆಯದನ್ನು ನೋಡಿ. ಮೇಲಿರುವ ಮೆಟ್ಟಿಲುಗಳಲ್ಲಿ ಅಡ್ಡ ಮೈ, ನೆಟ್ಟನೆಯ ಮೈ ಎರಡೂ ಕಾಣುತ್ತವೆ. ನೀರಿನ ಬಿಂಬದಲ್ಲಿ ಅಡ್ಡ ಮೈ ಒಂದೂ ಇಲ್ಲ, ಬರೀ ರೈಸರ್‌ಗಳೇ! ಬಿಂಬವೆಂದರೆ ನೀರಿನ ಕೆಳಗಿನಿಂದ ಮೇಲಕ್ಕೆ ನೋಡಿದ ನೋಟ ತಾನೆ. ಕೆಳಗಿನಿಂದ ನೋಡುವವನಿಗೆ ಆಕಾಶಕ್ಕೆ ಮುಖ ಮಾಡಿದ ಮೈ ಕಾಣುವುದೆಲ್ಲಿಂದ? ಹೀಗಾಗಿ ಮೇಲಿನ ಪಟ್ಟೆಗಳಿಗೂ ನೀರೊಳಗಿನ ಪಟ್ಟೆಗಳಿಗೂ ಲೆಕ್ಕ ತಾಳೆಯಾಗುವುದಿಲ್ಲ. ನಮ್ಮಲ್ಲಿರುವ ಅತ್ಯುತ್ತಮ ಚಿತ್ರ ಇದೇ. ಇದರ ಅಡಿಬರಹದಲ್ಲಿ ‘ನೀರಲ್ಲಿ ಬರೀ ರೈಸರ್’ ಎಂದು ಬರೆಯಲು ಕೈ ಬರುತ್ತಿಲ್ಲ.

1956ರಲ್ಲಿ ಮುಗಿದ ವಿಧಾನಸೌಧದ ಮುಂದಿನ ಅಗಲ ಮೆಟ್ಟಿಲುಗಳದೂ ಇದೇ ಕತೆ. ಅಂಬೇಡ್ಕರ್ ಬೀದಿಯಲ್ಲಿ ನಿಂತವರಿಗೆ ಕಣ್ಣಿನ ಮಟ್ಟ ದಾಟಿದ ಮೇಲೆ ರೈಸರ್ ಬಿಟ್ಟು ಬೇರೇನೂ ಕಾಣದು. (ಟಿವಿಯವರು ಇವನ್ನು ‘ಗ್ರ್ಯಾಂಡ್ ಸ್ಟೆಪ್ಸ್’ ಅನ್ನುತ್ತಾರೆ. ಅದನ್ನು ಇನ್ನೊಂದು ದಿನ ಜಗಳವಾಡೋಣ.)

ಈಗ ಪದಗಳಿಗೆ ಬರುತ್ತೇನೆ. ಮೊದಲು ಹೊಳೆದದ್ದು ‘ಮೆಟ್ಟು’. ಮೆಟ್ಟುವ ಜಾಗ ಮೆಟ್ಟು; ವೀಣೆಯ ಇಪ್ಪತ್ನಾಲ್ಕು ಮೆಟ್ಟುಗಳೂ ಇವೆಯಲ್ಲ. ಆದರೆ ಪ್ರದರ್ಶನದ ಪೀಠಿಕೆಯಲ್ಲಿ ಫ್ರೆಡರಿಕ್ ಇವಾನ್ಸ್ 1903ರಲ್ಲಿ ಇಂಗ್ಲೆಂಡಿನ ವೆಲ್ಸ್ ಕೆಥೆಡ್ರಲ್‌ನಲ್ಲಿ ತೆಗೆದ ಹೆಸರಾಂತ ಚಿತ್ರದ ಮಾತು ಬರುತ್ತದೆ. ಶತಮಾನಗಳ ಕಾಲ್ತುಳಿತಕ್ಕೆ ಕುಳಿಬಿದ್ದ ಕಲ್ಲುಗಳು ಅಲೆಯಲೆಯಾಗಿ ಕಾಣುವುದರಿಂದ ಅವನದಕ್ಕೆ ‘ಮೆಟ್ಟಿಲುಗಳ ಕಡಲು’ ಎಂಬರ್ಥದ ಹೆಸರಿಟ್ಟ. ಅಲ್ಲಿ ‘ಸವೆದ ಮೆಟ್ಟುಗಳು’ ಎಂದು ಬರೆದೆನೋ, ಓದುವವರ ಕಣ್ಣಿಗೆ ಕಟ್ಟುವುದು ಹಳೇ ಚಪ್ಪಲಿ. ಮೆಟ್ಟು ಬಿದ್ದುಹೋಯಿತು.

ಸದ್ಯಕ್ಕೆ ನನ್ನ ಒಲವು ‘ಹಾಸು’ ಮತ್ತು ‘ನಿಲುವು’ ಕಡೆಗೆ. ಹಾಸುಗಲ್ಲು, ನಿಲುವುಗನ್ನಡಿ ಎಲ್ಲರಿಗೂ ಗೊತ್ತಿರುವುದರಿಂದ ಅರ್ಥ ಬಿಡಿಸಿ ಹೇಳಬೇಕಿಲ್ಲ. ‘ಬಿಂಬದಲ್ಲಿ ಹಾಸು ಮರೆಯಾಗಿ ನಿಲುವಷ್ಟೇ ಉಳಿದಿದೆ’ ಎಂದರೆ ಕನ್ನಡವಾಗಿಯೇ ಕೇಳುತ್ತದೆ. ರೈಸರ್ ಇಲ್ಲದ, ಸಂದಿನಿಂದ ಬೆಳಕು ತೂರುವ ಕಬ್ಬಿಣದ ಮೆಟ್ಟಿಲಿಗೆ ‘ನಿಲುವಿಲ್ಲದ ಮೆಟ್ಟಿಲು’ ಎನ್ನಬಹುದು. ತೊಡಕೂ ಇದೆ. ನೇಯುವವರಿಗೆ ಹಾಸು ಎಂದರೆ ಮಗ್ಗದ ಉದ್ದದ ಎಳೆ. ನಿಲುವಿನ ಗತಿ ಇನ್ನೂ ಕಷ್ಟ: ‘ವಿಧಾನಸೌಧದ ನಿಲುವು’ ಎಂದು ಚಿತ್ರದ ಕೆಳಗೆ ಬರೆದರೆ ಕಾವೇರಿ ವಿಚಾರದಲ್ಲೋ ಮೇಕೆದಾಟು ವಿಚಾರದಲ್ಲೋ ಎಂದು ಕೇಳುತ್ತಾರೆ. ‘ಹಾಸುಗಲ್ಲು, ನಿಲುಗಲ್ಲು’ ಮಾಡಿ ಎಂದರು ಒಬ್ಬ ಗೆಳೆಯರು. ಕಿವಿಗೆ ಇಂಪಾಗಿದೆ, ಆದರೆ ಕಲ್ಯಾಣಿಯ ಮೆಟ್ಟಿಲು ಎಷ್ಟೋ ಕಡೆ ಇಡೀ ಒಂದೇ ಕಲ್ಲು. ಎರಡು ಮೈಯೇ ಹೊರತು ಎರಡು ಕಲ್ಲಲ್ಲ. ಮನೆಯದಂತೂ ಕಾಂಕ್ರೀಟು.

ಅಮೂರ್ತ ಚಿತ್ರಗಳಿಗೆ ಈ ಜೋಡಿ ಇನ್ನೂ ಬೇಕು. ಶ್ರೋಡರ್ ಎಂಬ ಜರ್ಮನ್ 1858ರಲ್ಲಿ ಪ್ರಕಟಿಸಿದ ಮೆಟ್ಟಿಲಿನ ಗೆರೆಚಿತ್ರವೊಂದಿದೆ. ನೋಡುತ್ತಿದ್ದಂತೆ ಅದು ಒಮ್ಮೆ ಮೇಲಿನಿಂದ ಕಂಡ ಮೆಟ್ಟಿಲು, ಒಮ್ಮೆ ಅಡಿಯಿಂದ ಕಂಡ ಮೆಟ್ಟಿಲು. ಬರೀ ಕಪ್ಪುಬಿಳುಪು ಪಟ್ಟೆ ಉಳಿಯುವಷ್ಟು ಹತ್ತಿರದಿಂದ ತೆಗೆದ ಫೋಟೋದಲ್ಲೂ ಹೀಗೆಯೇ: ಯಾವ ಪಟ್ಟೆ ಹಾಸು, ಯಾವುದು ನಿಲುವು ಎಂದು ಕಣ್ಣು ತೀರ್ಮಾನಿಸಲಾರದು. ಆ ಗೊಂದಲವೇ ಚಿತ್ರದ ರುಚಿ. ಅದನ್ನು ಹೇಳಲು ಎರಡು ಹೆಸರು ಬೇಡವೇ?

ಜೊತೆಗೆ ಸಣ್ಣದೊಂದು. ಬಿಡಿ ಮೆಟ್ಟಿಲಿಗೂ ಇಡೀ ಸಾಲಿಗೂ ನಾವು ‘ಮೆಟ್ಟಿಲು’ ಎಂದೇ ಹೇಳುತ್ತೇವೆ. ಶಬರಿಮಲೆಯ ಹದಿನೆಂಟು ಮೆಟ್ಟಿಲಿನಲ್ಲಿ ಎಣಿಸುವುದು ಬಿಡಿ ಮೆಟ್ಟಿಲನ್ನು, ಕೋರ್ಟು ಮೆಟ್ಟಿಲೇರುವಾಗ ಎಣಿಸುವವರಿಲ್ಲ. ಇಡೀ ಸಾಲಿಗೆ ‘ಸೋಪಾನ’ ಕಲ್ಯಾಣಿಗೆ ಒಪ್ಪುತ್ತದೆ. ಅಪಾರ್ಟ್‌ಮೆಂಟಿನ ಫೈರ್ ಎಕ್ಸಿಟ್‌ಗೆ ಸೋಪಾನ ಎಂದರೆ ನಗು ಬರುತ್ತದೆ. ಧಾರವಾಡದ ಕಡೆಯವರ ‘ಪಾವಟಿಗೆ’ ನನಗೆ ಬಹಳ ಇಷ್ಟ, ಆದರೆ ಬೆಂಗಳೂರಿನಲ್ಲಿ ಎಷ್ಟು ಜನಕ್ಕೆ ತಿಳಿದೀತು? ಸದ್ಯಕ್ಕೆ ‘ಮೆಟ್ಟಿಲಸಾಲು’ ಎಂದು ಬರೆದುಕೊಂಡಿದ್ದೇನೆ. ಸುತ್ತಿಕೊಂಡು ಏರುವುದಕ್ಕೆ ‘ಸುರುಳಿ ಮೆಟ್ಟಿಲು’, ಅದರಲ್ಲಿ ಚರ್ಚೆ ಬೇಡ.

ಕೇಳುವುದಿಷ್ಟು. ನಿಮ್ಮ ಊರಿನ ಕಲ್ಲುಕುಟಿಗರು, ಬಡಗಿಗಳು, ದೇವಸ್ಥಾನದ ಶಿಲ್ಪಿಗಳು ಈ ಎರಡು ಮೈಗೆ ಬೇರೆ ಬೇರೆ ಹೆಸರು ಹೇಳುವುದನ್ನು ಕೇಳಿದ್ದೀರಾ? ಅಟ್ಟಕ್ಕೆ ಮರದ ಮೆಟ್ಟಿಲಿದ್ದ ಮಲೆನಾಡು, ಕರಾವಳಿ ಮನೆಗಳವರು ದಯವಿಟ್ಟು ಹಿರಿಯರನ್ನು ಒಮ್ಮೆ ವಿಚಾರಿಸಿ. ನಿಘಂಟಿನ ಪದಕ್ಕಿಂತ ಬಾಯಲ್ಲಿ ಆಡಿದ ಪದವಾದರೆ ಒಳ್ಳೆಯದು, ಯಾವ ಸೀಮೆಯದು ಎಂಬುದನ್ನೂ ಬರೆಯಿರಿ. ಯಾವುದೂ ಸಿಗದಿದ್ದರೆ ಹಾಸು, ನಿಲುವು ಎಂದೇ ಅಚ್ಚಿಗೆ ಕೊಡುತ್ತೇನೆ, ವಿಧಾನಸೌಧದ ಚಿತ್ರ ಒಂದನ್ನು ಬಿಟ್ಟು.