ಮನೆಯಲ್ಲಿ ಬೆಳೆದ ಅರಿಶಿನ ಬೇಯಿಸಿ ಒಣಗಿಸುವುದು ಹೇಗೆ? ಮಾಡಿದವರು ಹೇಳಿ

ಕುವೆಂಪುನಗರ, ಮೈಸೂರು:

ಎಲ್ಲರಿಗೂ ನಮಸ್ಕಾರ. ತಾರಸಿ ಮೇಲೆ ಗ್ರೋ ಬ್ಯಾಗುಗಳಲ್ಲಿ ಅರಿಶಿನ ಹಾಕಿದ್ದೆ. ಸಂಕ್ರಾಂತಿ ಹೊತ್ತಿಗೆ ಎಲೆ ಹಳದಿಯಾಯಿತು, ಈಗ ಪೂರ್ತಿ ಒಣಗಿ ಬಿದ್ದಿದೆ. ಒಂದು ಬ್ಯಾಗು ಬಗ್ಗಿಸಿ ನೋಡಿದೆ, ಗೆಡ್ಡೆ ಚೆನ್ನಾಗಿ ಕಟ್ಟಿದೆ. ಎಲ್ಲ ಸೇರಿ ಎಂಟು ಹತ್ತು ಕೆ.ಜಿ. ಆಗಬಹುದು. ವರ್ಷಪೂರ್ತಿ ಅಡುಗೆಗೆ ಇದರದ್ದೇ ಪುಡಿ ಮಾಡಿಟ್ಟುಕೊಳ್ಳಬೇಕು ಅಂತ ಆಸೆ. ಬೇಯಿಸಲೇಬೇಕಾ, ಹಾಗೇ ಹೆಚ್ಚಿ ಒಣಗಿಸಿದರೆ ಸಾಕಾ? ಒಬ್ಬರು ನೀರಿಗೆ ಸುಣ್ಣ ಹಾಕಿ ಅಂದರು, ಇನ್ನೊಬ್ಬರು ಸಗಣಿ ನೀರಿನಲ್ಲಿ ಬೇಯಿಸಿ ಅಂದರು. ತಾರಸಿಗೆ ಬಿಸಿಲಿಗೇನೂ ಕೊರತೆ ಇಲ್ಲ. ಅನುಭವ ಇದ್ದವರು ದಯವಿಟ್ಟು ಹೇಳಿ.

ಶ್ರೀರಂಗಪಟ್ಟಣ ಕಡೆಯಿಂದ:

ನಮಸ್ಕಾರ. ನಾವು ತೆಂಗಿನ ತೋಟದ ನಡುವೆ ಮನೆ ಖರ್ಚಿಗೆ ಅಂತ ಅರಿಶಿನ ಹಾಕುತ್ತೇವೆ. ನಮ್ಮತ್ತೆ ಕಾಲದಿಂದಲೂ ಬೇಯಿಸಿಯೇ ಒಣಗಿಸುವುದು. ಸ್ವಲ್ಪ ಉದ್ದ ಬರೆಯುತ್ತೇನೆ, ಏಕೆಂದರೆ ಇದರಲ್ಲಿ ಬೇಯಿಸುವ ಹದ ತಪ್ಪಿದರೆ ಆಮೇಲೆ ಎಷ್ಟು ಒಣಗಿಸಿದರೂ ಸರಿ ಹೋಗುವುದಿಲ್ಲ.

ಮೊದಲಿಗೆ, ಎಲ್ಲ ಬ್ಯಾಗನ್ನೂ ಒಟ್ಟಿಗೆ ಬಗ್ಗಿಸಬೇಡಿ. ಕಿತ್ತ ಗೆಡ್ಡೆಯನ್ನು ಎರಡು ಮೂರು ದಿನದೊಳಗೆ ಬೇಯಿಸಿಬಿಡಬೇಕು. ನಿಮ್ಮ ಪಾತ್ರೆಗೆ ಎಷ್ಟು ಹಿಡಿಯುತ್ತದೋ ಅಷ್ಟು ಕೀಳಿ. ಉಳಿದದ್ದು ಮಣ್ಣಿನಲ್ಲೇ ಇರಲಿ, ನೀರು ಮಾತ್ರ ಹಾಕಬೇಡಿ. ಬೇರು ಕಿತ್ತು ಮಣ್ಣು ಹೋಗುವ ಹಾಗೆ ತಿಕ್ಕಿ ತೊಳೆಯಿರಿ. ಆಮೇಲೆ ತಾಯಿ ಗೆಡ್ಡೆ ಬೇರೆ, ಕೊಂಬು ಬೇರೆ ಮಾಡಿ. ಇವೆರಡನ್ನೂ ಒಟ್ಟಿಗೆ ಬೇಯಿಸಲೇಬಾರದು. ತಾಯಿ ಗೆಡ್ಡೆ ದಪ್ಪ, ಅದು ಬೇಯುವ ಹೊತ್ತಿಗೆ ಕೊಂಬು ಕರಗಿ ಹೋಗಿರುತ್ತದೆ. ದಪ್ಪ ಗೆಡ್ಡೆಗಳನ್ನು ಎರಡು ಹೋಳು ಮಾಡಿಕೊಳ್ಳಿ.

ನೀರು ಗೆಡ್ಡೆ ಮುಳುಗುವಷ್ಟಿದ್ದರೆ ಸಾಕು. ನಾವು ಮೇಲೆ ಅರಿಶಿನದ ಎಲೆಯನ್ನೇ ಮುಚ್ಚಿ ಬೇಯಿಸುತ್ತೇವೆ, ಹಬೆ ಒಳಗೇ ನಿಲ್ಲುತ್ತದೆ. ಎಲೆ ಇಲ್ಲದಿದ್ದರೆ ತಟ್ಟೆ ಮುಚ್ಚಿ. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಿಡಿಯುತ್ತದೆ. ಆದರೆ ಗಡಿಯಾರ ನಂಬಬೇಡಿ. ನೀರಿನ ಮೇಲೆ ನೊರೆ ಬರುತ್ತದೆ, ಬಿಳಿ ಹಬೆ ಏಳುತ್ತದೆ, ಹಸಿ ವಾಸನೆ ಹೋಗಿ ಅರಿಶಿನದ ಘಮ ಮನೆಯೆಲ್ಲ ತುಂಬುತ್ತದೆ. ಆಗ ಒಂದು ಕೊಂಬು ತೆಗೆದು ತೆಂಗಿನ ಕಡ್ಡಿ ಚುಚ್ಚಿ. ಬೆಂದ ಆಲೂಗಡ್ಡೆಗೆ ಇಳಿದ ಹಾಗೆ ಕಡ್ಡಿ ಸಲೀಸಾಗಿ ಇಳಿಯಬೇಕು. ಮುರಿದು ನೋಡಿ. ಹಸಿ ಗೆಡ್ಡೆಯ ಒಳಗೆ ಕೆಂಪು ಕಿತ್ತಳೆ ಬಣ್ಣ ಇರುತ್ತದೆ. ಬೆಂದ ಮೇಲೆ ಅಂಚಿನಿಂದ ನಡುವಿನ ತನಕ ಒಂದೇ ಹಳದಿ. ನಡುವೆ ಕೆಂಪು ಚುಕ್ಕೆ ಉಳಿದಿದ್ದರೆ ಇನ್ನೂ ಐದು ಹತ್ತು ನಿಮಿಷ ಬಿಡಿ.

ಕಮ್ಮಿ ಬೆಂದರೆ ಒಣಗಿದ ಮೇಲೆ ಪುಡಿಪುಡಿಯಾಗಿ ಒಡೆಯುತ್ತದೆ, ಹುಳವೂ ಬೇಗ ಹಿಡಿಯುತ್ತದೆ. ಜಾಸ್ತಿ ಬೆಂದರೆ ಬಣ್ಣ ಕೆಡುತ್ತದೆ. ಸರಿಯಾಗಿ ಬೆಂದದ್ದು ಮತ್ತೆ ಮೊಳೆಯುವುದಿಲ್ಲ, ಬೇಗ ಒಣಗುತ್ತದೆ, ಒಳಗೆಲ್ಲ ಒಂದೇ ಬಣ್ಣ ಬರುತ್ತದೆ. ಬೇಯಿಸುವುದು ಇದಕ್ಕೇ.

ಸುಣ್ಣದ ವಿಷಯ. ಹಾಕಬೇಡಿ. ಅರಿಶಿನಕ್ಕೆ ಸುಣ್ಣ ಸೇರಿದರೆ ಕೆಂಪಾಗುತ್ತದೆ, ಕುಂಕುಮ ಮಾಡುವುದೇ ಹಾಗೆ ಅಲ್ವಾ. ಅಡುಗೆಯ ಅರಿಶಿನಕ್ಕೆ ಬರೀ ನೀರೇ ಸಾಕು. ಸಗಣಿ ನೀರು ಹಿಂದಿನವರು ಕೆಲವು ಕಡೆ ಬಳಸುತ್ತಿದ್ದರು, ನಿಜ. ಬಾಯಿಗೆ ಹಾಕಿಕೊಳ್ಳುವ ಪದಾರ್ಥಕ್ಕೆ ಅದು ಬೇಡವೇ ಬೇಡ.

ಮಂಡ್ಯ:

ನಾನು ಬೇಯಿಸುವುದಿಲ್ಲ. ನಮ್ಮ ಮನೆಯಲ್ಲಿ ಇರುವುದು ನಾಲ್ಕು ಕುಂಡ, ಅಷ್ಟಕ್ಕೆ ಒಲೆ ಹೂಡುವುದು ಯಾಕೆ ಅಂತ. ತೊಳೆದು, ನೀರು ಆರಿಸಿ, ಬಾಳೆಕಾಯಿ ಚಿಪ್ಸ್‌ಗಿಂತ ಸ್ವಲ್ಪ ದಪ್ಪಗೆ ಹೆಚ್ಚಿ ಒಣಗಿಸುತ್ತೇನೆ. ಪುಡಿ ಚೆನ್ನಾಗಿಯೇ ಬರುತ್ತದೆ. ವಾಸನೆ ಮಾತ್ರ ಅಂಗಡಿಯದ್ದರ ಹಾಗಲ್ಲ, ಸ್ವಲ್ಪ ಹಸಿ ಘಾಟು. ಕೆಲವರಿಗೆ ಅದೇ ಇಷ್ಟ.

ಆದರೆ ಹೆಚ್ಚಿದ್ದನ್ನು ನೇರ ಬಿಸಿಲಿಗೆ ಹಾಕಬೇಡಿ. ಬಟ್ಟೆಗೆ ಅರಿಶಿನದ ಕಲೆಯಾದರೆ ಏನು ಮಾಡುತ್ತೇವೆ? ಒಗೆದು ಬಿಸಿಲಿಗೆ ಹಾಕುತ್ತೇವೆ, ಸಂಜೆಗೆ ಕಲೆ ಮಾಸಿರುತ್ತದೆ. ಅರಿಶಿನದ ಬಣ್ಣ ಬಿಸಿಲಿಗೆ ತಡೆಯುವುದಿಲ್ಲ. ಇಡೀ ಕೊಂಬಿಗಾದರೆ ಸಿಪ್ಪೆಯ ಕಾವಲಿದೆ. ಹೋಳಿಗೆ ಅದಿಲ್ಲ. ನಾನು ಹಜಾರದಲ್ಲಿ ಫ್ಯಾನಿನ ಕೆಳಗೆ, ಹಳೇ ಪಂಚೆ ಹಾಸಿ ಹರಡುತ್ತೇನೆ. ದಿನಕ್ಕೆ ಎರಡು ಸಲ ಕೈಯಾಡಿಸಬೇಕು. ಬಗ್ಗಿಸಿದರೆ ಬಳುಕದೆ ಪಟ್ ಅಂತ ಮುರಿಯಬೇಕು. ಎಂಟು ಹತ್ತು ಕೆ.ಜಿ. ಹೆಚ್ಚುವುದು ಅಂದರೆ ಕೈ ಬಿದ್ದು ಹೋಗುತ್ತದೆ, ಅಷ್ಟಿದ್ದರೆ ಮೇಲಿನ ಅಕ್ಕ ಹೇಳಿದ ಹಾಗೆ ಬೇಯಿಸುವುದೇ ಒಳ್ಳೆಯದು.

ಕುವೆಂಪುನಗರ, ಮೈಸೂರು:

ಇಬ್ಬರಿಗೂ ತುಂಬ ಥ್ಯಾಂಕ್ಸ್. ಬೇಯಿಸುವುದು ಅಂತ ತೀರ್ಮಾನ ಮಾಡಿದೆ. ನಮ್ಮಲ್ಲಿ ದೊಡ್ಡ ಹಂಡೆ ಇಲ್ಲ, ಇಡ್ಲಿ ಪಾತ್ರೆ ಇದೆ. ಆಗುತ್ತದಾ? ಇನ್ನೊಂದು, ಮೇಲೆ ಒಣಗಿದ ಹಾಗೆ ಕಂಡರೂ ಒಳಗೆ ಒಣಗಿದೆಯಾ ಅಂತ ಹೇಗೆ ಗೊತ್ತಾಗುತ್ತದೆ? ಈಗ ಬೆಳಗ್ಗೆ ಇಬ್ಬನಿ ಬೇರೆ ಬೀಳುತ್ತದೆ.

ಶ್ರೀರಂಗಪಟ್ಟಣ ಕಡೆಯಿಂದ:

ಇಡ್ಲಿ ಪಾತ್ರೆ ಧಾರಾಳವಾಗಿ ಆಗುತ್ತದೆ. ಹಬೆಯಲ್ಲಿ ಬೇಯಿಸುವುದು ಒಳ್ಳೆಯದೇ. ಈಗ ಚಾಮರಾಜನಗರ ಕಡೆ ಎಕರೆಗಟ್ಟಲೆ ಬೆಳೆಯುವ ರೈತರೂ ಬಾಯ್ಲರ್ ತರಿಸಿ ಹಬೆಯಲ್ಲೇ ಬೇಯಿಸುತ್ತಾರೆ. ಕಡ್ಡಿ ಚುಚ್ಚಿ ನೋಡುವುದು ಮಾತ್ರ ಬಿಡಬೇಡಿ. ಪಾತ್ರೆ ಹಳದಿಯಾದರೆ ಗಾಬರಿ ಬೇಡ, ಹುಣಸೆಹಣ್ಣು ಹಾಕಿ ತಿಕ್ಕಿ ಬಿಸಿಲಿಗೆ ಬೋರಲು ಹಾಕಿ.

ಒಣಗಿಸುವುದರ ಬಗ್ಗೆ ನಂಜನಗೂಡಿನ ಅಣ್ಣ ಒಬ್ಬರು ಇಲ್ಲಿ ಇದ್ದಾರೆ, ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ನಂಜನಗೂಡು:

ಬಂದೆ ತಾಯಿ. ನಾನು ವ್ಯವಸಾಯದವನು, ಅರ್ಧ ಎಕರೆ ಅರಿಶಿನ ಇಡುತ್ತೇನೆ. ಮನೆಯವರು ಬೇಯಿಸುವ ತನಕ ಎಲ್ಲ ಸರಿ ಮಾಡುತ್ತಾರೆ. ಒಣಗಿಸುವಾಗ ಅವಸರ ಮಾಡಿ ಡಬ್ಬಿಗೆ ತುಂಬಿಬಿಡುತ್ತಾರೆ. ಬೂಷ್ಟು ಹಿಡಿಯಿತು ಅಂತ ಯಾರಾದರೂ ಹೇಳಿದರೆ ನನಗೆ ಗೊತ್ತು, ಅದು ಮಳೆಯ ತಪ್ಪಲ್ಲ, ಒಳಗೆ ನೀರು ಉಳಿದಿತ್ತು.

ಬೆಂದದ್ದನ್ನು ನೀರು ಬಸಿದು, ಚಾಪೆ ಮೇಲೋ ಸಿಮೆಂಟ್ ನೆಲದ ಮೇಲೋ ಹರಡಿ. ತೆಳ್ಳಗೆ ಒಂದೊಂದೇ ಕೊಂಬು ಬಿಡಿಬಿಡಿಯಾಗಿ ಇಡಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅರಿಶಿನಕ್ಕೆ ಅದು ಸರಿಯಲ್ಲ. ಎರಡು ಮೂರು ಅಂಗುಲ ದಪ್ಪ ಇರಲಿ. ತೀರಾ ತೆಳ್ಳಗೆ ಹರಡಿದರೆ ಬಿಸಿಲು ನೇರ ಹೊಡೆದು ಬಣ್ಣ ಮಂಕಾಗುತ್ತದೆ. ಆ ದಪ್ಪದಲ್ಲಿ ಹಾಕಿ ಆಗಾಗ ಕೈಯಾಡಿಸುತ್ತಿರಿ. ಪ್ಲಾಸ್ಟಿಕ್ ಶೀಟ್ ಮೇಲೆ ಬೇಡ, ಅಡಿಯಲ್ಲಿ ಬೆವರುತ್ತದೆ.

ಸೂರ್ಯ ಇಳಿಯುವ ಮೊದಲೇ ಗುಡ್ಡೆ ಮಾಡಿ ಗೋಣಿಚೀಲ ಹೊದಿಸಿ, ಇಲ್ಲವೇ ಒಳಗೆ ತನ್ನಿ. ಇಬ್ಬನಿ ಒಣಗಿದ ಮೇಲೆ, ಎಂಟೂವರೆ ಒಂಬತ್ತು ಗಂಟೆಗೆ ಮತ್ತೆ ಹರಡಿ. ರಾತ್ರಿ ಗುಡ್ಡೆ ಹಾಕುವುದರಿಂದ ಇನ್ನೊಂದು ಉಪಯೋಗ ಇದೆ. ಹಗಲು ಸಿಪ್ಪೆ ಒಣಗಿರುತ್ತದೆ, ನಡುವೆ ಪಸೆ ಇರುತ್ತದೆ. ರಾತ್ರಿಯೆಲ್ಲ ಆ ಪಸೆ ಹೊರಗೆ ಬರುತ್ತದೆ. ಬೆಳಗ್ಗೆ ಮುಟ್ಟಿ ನೋಡಿ, ಸಂಜೆ ಗರಿಗರಿ ಇದ್ದ ಕೊಂಬು ಸ್ವಲ್ಪ ಮೆತ್ತಗಾಗಿರುತ್ತದೆ. ಮೆತ್ತಗಾಗುವುದು ನಿಲ್ಲುವ ತನಕ ಬಿಸಿಲು ಬೇಕು ಅಂತ ಅರ್ಥ. ಹತ್ತರಿಂದ ಹದಿನೈದು ದಿನ ಹಿಡಿಯುತ್ತದೆ. ಮೋಡ ಇದ್ದರೆ ಇನ್ನೂ ಜಾಸ್ತಿ. ತಾಯಿ ಗೆಡ್ಡೆ ಕೊಂಬಿಗಿಂತ ನಿಧಾನ.

ಒಣಗಿದ್ದು ತಿಳಿಯಲು ಕಿವಿಯೇ ಸಾಕು. ಎರಡು ಕೊಂಬು ಒಂದಕ್ಕೊಂದು ಬಡಿಯಿರಿ. ಲೋಹ ಬಡಿದ ಹಾಗೆ ಟಣ್ ಅನ್ನಬೇಕು. ಮಂಕಾಗಿ ಟಪ್ ಅಂದರೆ ಇನ್ನೂ ಹಸಿ. ಆಮೇಲೆ ಇರುವುದರಲ್ಲಿ ದಪ್ಪನೆಯದನ್ನು ಆರಿಸಿ ಮುರಿಯಿರಿ. ಸಣ್ಣದನ್ನು ಮುರಿದು ಸಮಾಧಾನ ಪಡಬೇಡಿ. ಬಗ್ಗದೆ ಒಂದೇ ಏಟಿಗೆ ತುಂಡಾಗಬೇಕು. ಮುರಿದ ಜಾಗ ನುಣುಪಾಗಿ, ಗಟ್ಟಿಯಾಗಿ, ಒಂದೇ ಬಣ್ಣದಲ್ಲಿರಬೇಕು. ಮನೆಯಲ್ಲಿ ತಕ್ಕಡಿ ಇದ್ದರೆ ಇನ್ನೂ ಸುಲಭ. ತೂಗಿ ಬರೆದಿಡಿ, ಎರಡು ದಿನ ಬಿಟ್ಟು ಮತ್ತೆ ತೂಗಿ. ತೂಕ ಇಳಿಯುವುದು ನಿಂತರೆ ಮುಗಿಯಿತು. ಐದು ಕೆ.ಜಿ. ಹಸಿಗೆ ಸುಮಾರು ಒಂದು ಕೆ.ಜಿ. ಒಣಗಿದ್ದು ಅಂತ ಲೆಕ್ಕ ಇಟ್ಟುಕೊಳ್ಳಿ, ತಳಿ ನೋಡಿಕೊಂಡು ಹೆಚ್ಚು ಕಮ್ಮಿ ಆಗುತ್ತದೆ. ನಿಮಗೆ ಒಂದೂವರೆಯಿಂದ ಎರಡು ಕೆ.ಜಿ. ಸಿಗಬಹುದು. ಇಷ್ಟೇನಾ ಅಂತ ಬೇಜಾರು ಮಾಡಿಕೊಳ್ಳಬೇಡಿ. ನಾಲ್ಕು ಜನರ ಮನೆಗೆ ಅದು ವರ್ಷಕ್ಕೆ ಸಾಕಾಗಿ ಮಿಗುತ್ತದೆ.

ಅನುಮಾನ ಇದ್ದರೆ ಕೊನೆಯ ಪರೀಕ್ಷೆ: ನಾಲ್ಕಾರು ದಪ್ಪ ಕೊಂಬನ್ನು ಒಣ ಗಾಜಿನ ಬಾಟಲಿಗೆ ಹಾಕಿ ಬಿಗಿಯಾಗಿ ಮುಚ್ಚಿ ಒಂದು ಇಡೀ ದಿನ ಬಿಡಿ. ಗಾಜಿನ ಒಳಗೆ ಮಂಜು ಕಟ್ಟಿದರೆ ಎಲ್ಲವನ್ನೂ ಮತ್ತೆ ಬಿಸಿಲಿಗೆ ಹಾಕಿ. ನಮ್ಮ ಸೀಮೆಯಲ್ಲಿ ಫೆಬ್ರವರಿ ಮಾರ್ಚ್ ಒಳ್ಳೆ ಒಣ ಹವೆ. ಯುಗಾದಿ ಒಳಗೆ ಮುಗಿಸಿಕೊಳ್ಳಿ. ಅಶ್ವಿನಿ, ಭರಣಿ ಮಳೆ ಶುರುವಾದರೆ ಸಂಜೆ ಸಂಜೆ ಓಡಾಡುವುದೇ ಕೆಲಸ.

ಸರಸ್ವತಿಪುರಂ, ಮೈಸೂರು:

ಅಣ್ಣಾವ್ರು ಎಲ್ಲ ಹೇಳಿದ್ದಾರೆ, ನಾನು ಪುಡಿ ಬಗ್ಗೆ ಹೇಳುತ್ತೇನೆ. ಒಣಗಿದ ಕೊಂಬನ್ನು ಮೊದಲು ಗೋಣಿಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಸಿಮೆಂಟ್ ನೆಲದ ಮೇಲೆ ಜೋರಾಗಿ ಉಜ್ಜಿ. ಒಣಗಿದ ಬೇರು, ಹೊಟ್ಟು ಎಲ್ಲ ಉದುರುತ್ತದೆ. ಮೊರದಲ್ಲಿ ಕೇರಿದರೆ ಕೊಂಬು ನಯವಾಗಿ ಕಾಣುತ್ತದೆ. ಪಾಲಿಷ್ ಅಂದರೆ ಇಷ್ಟೇ.

ಇಡೀ ಕೊಂಬನ್ನು ಮಿಕ್ಸಿಗೆ ಹಾಕಬೇಡಿ, ಬ್ಲೇಡು ಹೋಗುತ್ತದೆ. ಕುಟ್ಟಾಣಿಯಲ್ಲಿ ಒಡೆದು ಚೂರು ಮಾಡಿಕೊಂಡು ಸ್ವಲ್ಪ ಸ್ವಲ್ಪವೇ ತಿರುಗಿಸಿ, ಜರಡಿ ಹಿಡಿಯಿರಿ. ಜಾಸ್ತಿ ಇದ್ದರೆ ಖಾರದ ಪುಡಿ ಮಾಡುವ ಮಿಷನ್ನಿಗೆ ಕೊಡಿ. ರಾಗಿ ಬೀಸುವ ಮಿಷನ್ನಿನವರು ಒಪ್ಪುವುದಿಲ್ಲ, ಮುಂದಿನವರ ಹಿಟ್ಟೆಲ್ಲ ಹಳದಿಯಾಗುತ್ತದೆ. ಮಿಷನ್ನಿಂದ ಬಂದ ಪುಡಿ ಬಿಸಿಯಾಗಿರುತ್ತದೆ. ಪೇಪರ್ ಮೇಲೆ ಹರಡಿ ಪೂರ್ತಿ ಆರಿದ ಮೇಲೇ ಡಬ್ಬಿಗೆ ತುಂಬಿ. ನಾನಂತೂ ಎಲ್ಲವನ್ನೂ ಒಟ್ಟಿಗೆ ಪುಡಿ ಮಾಡುವುದಿಲ್ಲ. ಕೊಂಬಾಗಿಯೇ ಇಟ್ಟು ಎರಡು ಮೂರು ತಿಂಗಳಿಗೆ ಬೇಕಾದಷ್ಟು ಮಾತ್ರ ಮಾಡಿಕೊಳ್ಳುತ್ತೇನೆ. ಘಮ ಹಾಗೇ ಉಳಿಯುತ್ತದೆ. ಗಾಜಿನ ಬಾಟಲಿಯಾದರೆ ಕಿಟಕಿ ಪಕ್ಕ ಇಡಬೇಡಿ, ಬೀರುವಿನ ಒಳಗಿಡಿ.

ನಾನು ಈ ತಾಪತ್ರಯ ಶುರು ಮಾಡಿದ್ದಕ್ಕೆ ಕಾರಣ ಮನೆಯಲ್ಲಿ ಸಣ್ಣ ಮಗು ಇದೆ. ಬಾಂಗ್ಲಾದೇಶದಲ್ಲಿ ಅರಿಶಿನಕ್ಕೆ ಲೆಡ್ ಕ್ರೋಮೇಟ್ ಬೆರೆಸುತ್ತಿದ್ದರು ಅಂತ 2019ರಲ್ಲಿ ಒಂದು ಅಧ್ಯಯನ ಬಂತು. ಸೀಸ ಇರುವ ಹಳದಿ ಬಣ್ಣ ಅದು. ಅದನ್ನು ಸೇರಿಸುತ್ತಿದ್ದದ್ದು ಬೆಳೆಯುವ ರೈತರಲ್ಲ, ಪಾಲಿಷ್ ಮಾಡುವ ಜಾಗದಲ್ಲಿ. ಕೊಂಬು ಹೊಳೆಯಲಿ, ಕೆಟ್ಟದ್ದು ಕಾಣದಿರಲಿ ಅಂತ. ಸೀಸ ಮಕ್ಕಳ ಮಿದುಳಿಗೆ ಎಷ್ಟು ಕೆಟ್ಟದ್ದು ಅಂತ ಹೇಳಬೇಕಾಗಿಲ್ಲ. ಅಲ್ಲಿನ ಸರ್ಕಾರ ಆಮೇಲೆ ಬಿಗಿ ಮಾಡಿತು, ಬೆರಕೆ ತುಂಬಾ ಕಮ್ಮಿಯಾಯಿತು. ಅದನ್ನು ಓದಿದ ಮೇಲೆ ತೀರಾ ಹೊಳೆಯುವ ಹಳದಿ ಕೊಂಬು ನೋಡಿದರೆ ನಾನು ಕೊಳ್ಳುವುದಿಲ್ಲ. ಮನೆಯಲ್ಲಿ ಬೇಯಿಸಿ ಒಣಗಿಸಿದ ಕೊಂಬು ಹೊರಗೆ ಮಂಕು ಕಂದು ಹಳದಿಯಾಗಿಯೇ ಇರುತ್ತದೆ. ನಿಮ್ಮದೂ ಹಾಗೆ ಕಂಡರೆ ಏನೋ ಕೆಟ್ಟಿತು ಅಂದುಕೊಳ್ಳಬೇಡಿ.

ಮದ್ದೂರು:

ಬೀಜದ ವಿಷಯ ಯಾರೂ ಹೇಳಲಿಲ್ಲವಲ್ಲ! ಎಲ್ಲವನ್ನೂ ಬೇಯಿಸಿಬಿಟ್ಟರೆ ಬರುವ ವರ್ಷಕ್ಕೆ ಮತ್ತೆ ಕೊಳ್ಳಬೇಕು. ಕಿತ್ತ ದಿನವೇ ಆರಿಸಿಕೊಳ್ಳಿ. ಗಾಯ ಇಲ್ಲದ, ಕೊಳೆ ಇಲ್ಲದ, ಮೊಗ್ಗು ಚೆನ್ನಾಗಿರುವ ದಪ್ಪ ಗೆಡ್ಡೆ, ಕೊಂಬು ತೆಗೆದಿಡಿ. ತೊಳೆಯಬೇಡಿ, ಮಣ್ಣು ಒದರಿದರೆ ಸಾಕು. ನೆರಳಿನಲ್ಲಿ ಕೆಲವು ದಿನ ಆರಲಿ. ಆಮೇಲೆ ಒಂದು ಬುಟ್ಟಿಗೋ ರಟ್ಟಿನ ಪೆಟ್ಟಿಗೆಗೋ ಒಣ ಮರಳು ಹಾಕಿ, ಅದರ ಮೇಲೆ ಗೆಡ್ಡೆ, ಮತ್ತೆ ಮರಳು. ಮೇಲೆ ಒಣ ಅರಿಶಿನದ ಎಲೆಯನ್ನೇ ಮುಚ್ಚಿ. ಗಾಳಿ ಆಡಬೇಕು, ಮುಚ್ಚಳ ಬಿಗಿ ಮಾಡಬೇಡಿ. ತಿಂಗಳಿಗೊಮ್ಮೆ ಕೈ ಹಾಕಿ ನೋಡಿ, ಮೆತ್ತಗಾದದ್ದು ಸಿಕ್ಕರೆ ತೆಗೆದು ಬಿಸಾಡಿ. ಇಲ್ಲದಿದ್ದರೆ ಪಕ್ಕದ್ದಕ್ಕೂ ಹತ್ತುತ್ತದೆ. ಮೇ ತಿಂಗಳಲ್ಲಿ ಒಂದೆರಡು ಮಳೆ ಬಿದ್ದು ಮಣ್ಣು ನೆನೆದ ಮೇಲೆ ನೆಡಿ. ಅಷ್ಟು ಹೊತ್ತಿಗೆ ಕಣ್ಣು ಬಿಟ್ಟಿರುತ್ತದೆ.

ಕುವೆಂಪುನಗರ, ಮೈಸೂರು:

ಇವತ್ತು ಮೂರು ಬ್ಯಾಗು ಬಗ್ಗಿಸಿದೆ. ಬೀಜಕ್ಕೆ ತೆಗೆದಿಟ್ಟು, ಕೊಂಬು ಮೊದಲು ಬೇಯಿಸಿದೆ. ಅಕ್ಕ ಹೇಳಿದ ಹಾಗೆ ಮುರಿದು ನೋಡಿದರೆ ಮೊದಲನೆಯದರ ನಡುವೆ ಕೆಂಪು ಇತ್ತು. ಇನ್ನೂ ಹತ್ತು ನಿಮಿಷ ಬಿಟ್ಟ ಮೇಲೆ ಪೂರ್ತಿ ಹಳದಿ. ನಾಳೆ ತಾಯಿ ಗೆಡ್ಡೆ. ಗೋಣಿಚೀಲ ಎರಡು ತಂದಿದ್ದೇನೆ. ಒಂದು ಕೇಳಬೇಕಿತ್ತು: ಕೋತಿ ಕಾಟ ಇದೆ ನಮ್ಮ ಕಡೆ, ಅರಿಶಿನ ಮುಟ್ಟುತ್ತವಾ?

ನಂಜನಗೂಡು:

ತಿನ್ನುವುದಿಲ್ಲ. ಚೆಲ್ಲಾಡುತ್ತವೆ. ಹಳೇ ಸೊಳ್ಳೆಪರದೆ ಇದ್ದರೆ ಮೇಲೆ ಹೊದಿಸಿ ನಾಲ್ಕು ಮೂಲೆಗೆ ಇಟ್ಟಿಗೆ ಇಡಿ. ಧೂಳೂ ಬೀಳುವುದಿಲ್ಲ.